ಹತ್ತಿಯವರ ಮನೆಯ ವಾಲ್ವ್ ಸೆಟ್ಟು

ಅಕ್ಷರ ದುಂಡಗಿಲ್ಲ, ಸಾಲುಗಳು ಬಲಕ್ಕೆ ಹೋಗುತ್ತ ಕೆಳಗಿಳಿದಿವೆ. ಮಾತೂ ಅಲ್ಲಲ್ಲಿ ತಡವರಿಸೀತು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳ ಬರಹವೆಂದು ಓದುವವರು ದೊಡ್ಡ ಮನಸ್ಸು ಮಾಡಬೇಕು. ನೋಡದೆ ಇದ್ದದ್ದನ್ನು ಎರಡೆರಡು ಸಲ ಕೇಳಿಯೇ ಬರೆದಿದೆ.

ದಾವಣಗೆರೆಯ ಆನೆಕೊಂಡದಲ್ಲಿ ಅಖ್ತರ್ ಬಾನು ಎಂದರೆ ಗಾದಿಯ ಅಖ್ತರ್ ಬಾನು. ಹುಟ್ಟಿದ್ದು ಬಾತಿಯಲ್ಲಿ, ಹತ್ತಿ ಹಿಂಜುವವರ ಮನೆಯಲ್ಲಿ. ಕೊಟ್ಟದ್ದೂ ಅಂಥದೇ ಮನೆಗೆ. ಗಂಡ ನಬೀ ಸಾಬ್ ಮಾತ್ರ ಹತ್ತಿ ಮುಟ್ಟಿದವರಲ್ಲ. ಮದುವೆಗೆ, ಉರುಸಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಹಾಗಾಗಿ ಮನೆಯ ಕಸುಬು ಸೊಸೆಯ ಕೈಗೆ ಬಂತು. ಮಾವ ಬಿಲ್ಲು ಹಿಡಿದು ಹಿಂಜುತ್ತಿದ್ದ ಜಾಗದಲ್ಲಿ ಅವರು ಮೋಟಾರಿನ ಮಿಷನ್ ತಂದು ಕೂರಿಸಿದರು. ಹಿಡಿ ಹತ್ತಿ ಕೈಗಿಟ್ಟರೆ, ಇದು ಹೊಸದು, ಇದು ಬಿಚ್ಚಿದ ಹಳೇ ಗಾದಿಯದು ಎಂದು ನೋಡದೆಯೇ ಹೇಳುತ್ತಾರೆ. ಎಂ.ಸಿ.ಸಿ. ಬಡಾವಣೆಯ ಮನೆಗಳಿಗೆ ಫೋಮ್ ಹಾಸಿಗೆ ಬಂದಮೇಲೂ ಬೆನ್ನುನೋವಿನವರು ಹುಡುಕಿಕೊಂಡು ಬರುವುದು ಅವರ ಬಾಗಿಲಿಗೇ.

ಸೊಂಟ ಕೈಕೊಟ್ಟ ಮೇಲೆ ನಬೀ ಸಾಬರು ಮೈಕ್ ಸೆಟ್ಟಿನ ಸಾಮಾನೆಲ್ಲ ಮಾರಿದರು. ಎರಡು ಹಳೇ ವಾಲ್ವ್ ಆಂಪ್ಲಿಫೈಯರ್ ಮಾತ್ರ ಬಿಟ್ಟುಕೊಡಲಿಲ್ಲ. ಅವನ್ನು ಬಿಚ್ಚಿ ಜೋಡಿಸಿ, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟು, ಮನೆಗೊಂದು ಸ್ಟೀರಿಯೋ ಮಾಡಿಕೊಂಡರು. ಮೊಬೈಲಿನಿಂದ ವೈರು ಎಳೆದು ಶಹನಾಯಿ ಹಚ್ಚಿದರೆ ಗಾಜಿನ ವಾಲ್ವುಗಳು ಒಳಗೊಳಗೇ ಕೆಂಪಗೆ ಹೊಳೆಯುತ್ತಿದ್ದವು, ಕೋಣೆ ತುಂಬಿಹೋಗುತ್ತಿತ್ತು.

ತೊಂದರೆ ಒಂದೇ. ಗೋಡೆಯಾಚೆ ಮಿಷನ್ ತಿರುಗಿದರೆ ನೆಲ ನಡುಗುತ್ತದೆ. ನಡುಕ ನೆಲದಿಂದ ಮೇಜಿಗೆ, ಮೇಜಿನಿಂದ ವಾಲ್ವಿಗೆ ಏರುತ್ತದೆ. ವಾಲ್ವಿನೊಳಗೆ ಕೂದಲಿನಂಥ ತಂತಿಗಳಿವೆ. ಅವು ಅದುರಿದರೆ ಆ ಅದುರೇ ದೊಡ್ಡದಾಗಿ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ಶಹನಾಯಿಯ ಪಕ್ಕ ಯಾರೋ ತಪ್ಪಲೆ ಬಡಿದ ಹಾಗೆ. ಅದಕ್ಕೆ ಅಖ್ತರ್ ಬಾನು ಮಧ್ಯಾಹ್ನ ಸ್ವಲ್ಪ ಹೊತ್ತು ಮಿಷನ್ ನಿಲ್ಲಿಸುತ್ತಿದ್ದರು. ಬೆಲ್ಟ್ ಬಿಸಿಯಾಗಿದೆ, ಆರಲಿ ಎಂದು ನೆಪ ಹೇಳುತ್ತಿದ್ದರು. ಮದುವೆಯ ಸುಗ್ಗಿಯಲ್ಲಿ ಹೆಣ್ಣಿನ ಕಡೆಯವರೊಬ್ಬರು ಬಂದು, ದಿನಾ ಮಧ್ಯಾಹ್ನ ಮಿಷನ್ ನಿಲ್ಲಿಸಿದರೆ ಗಾದಿ ಯಾವಾಗ ಆಗಬೇಕು ಎಂದು ರೇಗಿದ ದಿನ ನಬೀ ಸಾಬರಿಗೆ ನಿಜ ತಿಳಿಯಿತು. ಅವತ್ತೇ ಹರಿಹರದ ವಾಮದೇವಪ್ಪನವರಿಗೆ ಫೋನ್ ಮಾಡಿದರು. ಹಳೇ ಸೆಟ್ಟುಗಳ ಹುಚ್ಚಿನ ಆ ಯಜಮಾನರು ಬಹಳ ದಿನದಿಂದ ಇದನ್ನು ಕೇಳುತ್ತಿದ್ದರು. ಭಾನುವಾರ ಬಂದು ಒಯ್ಯುವುದೆಂದಾಯಿತು.

"ನನ್ನ ಹಾಡಿಗೆ ನಿನ್ನ ಮಿಷನ್ ನಿಲ್ಲೋದು ಬ್ಯಾಡ ಬಾನು," ಎಂದರು ನಬೀ ಸಾಬ್. "ಮನೆ ನಡೆಸೋದು ಅದು. ಇದು ಬರೇ ಚಟ."

"ಚಟ ಬಿಡೋದಾದ್ರೆ ಎಲೆಅಡಿಕೆ ಬಿಡ್ರಿ ಮೊದ್ಲು. ಭಾನುವಾರಕ್ಕೆ ಇನ್ನೂ ಟೈಮ್ ಐತೆ."

ಹಾಗೆಂದರೇ ಹೊರತು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಅದುರುವುದನ್ನು ಮೆತ್ತಗೆ ಮಾಡಬೇಕು. ಮೆತ್ತಗೆ ಮಾಡುವುದೇ ತಮ್ಮ ಕಸುಬು. ಒಳ್ಳೆಯ ಹೊಸ ಹತ್ತಿ ತುಂಬಿ ಪುಟ್ಟ ಗಾದಿಯೊಂದನ್ನು ಹೊಲಿದು ಸೆಟ್ಟಿನ ಕೆಳಗಿಟ್ಟರು. ಸೆಟ್ಟು ಅದರಲ್ಲಿ ಹೂತು ಕೂತಿತು. ತಳದ ಗಾಳಿಕಂಡಿಗಳು ಮುಚ್ಚಿಹೋಗಿ ಬಟ್ಟೆ ಸೀದ ವಾಸನೆ ಬಂತು. ನಬೀ ಸಾಬ್ ಕುಂಟುತ್ತ ಬಂದು ಸ್ವಿಚ್ ಆರಿಸಿ, "ಅದಕ್ಕೇನು ಜ್ವರ ಬಂದೈತಾ, ಹಾಸಿ ಮಲಗ್ಸಾಕೆ?" ಎಂದರು.

ಆಮೇಲೆ ಗಾದಿಯ ಮೇಲೆ ಹಲಗೆ ಹಾಕಿ ಅದರ ಮೇಲೆ ಸೆಟ್ಟಿಟ್ಟರು. ಬಿಸಿ ತಪ್ಪಿತು, ಗುಂಯ್ ತಪ್ಪಲಿಲ್ಲ. ಇನ್ನಷ್ಟು ಹತ್ತಿ ತುಂಬಿದರೆ ಸೆಟ್ಟು ತೊಟ್ಟಿಲಿನಂತೆ ತೂಗಾಡಿತು. ಹತ್ತಿ ಅವರ ಮಾತು ಕೇಳದೆ ಇದ್ದದ್ದು ಅದೇ ಮೊದಲು.

ಶನಿವಾರ ನಲ್ಲಿಯಲ್ಲಿ ನೀರು ಬರಲಿಲ್ಲ. ಹಳೇ ಬಟ್ಟೆ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಕೊಡ ಹೊತ್ತು ಅಖ್ತರ್ ಬಾನು ಓಣಿಯ ಟ್ಯಾಂಕಿಗೆ ಹೊರಟರು. ಹೋಗುವಾಗ ಖಾಲಿ ಕೊಡ ಹೆಜ್ಜೆ ಹೆಜ್ಜೆಗೂ ಕುಣಿಯಿತು. ಕೈ ಬಿಡುವ ಹಾಗಿರಲಿಲ್ಲ. ಬರುವಾಗ ತುಂಬಿದ ಕೊಡ ಸುಮ್ಮನೆ ಕೂತಿತ್ತು. ಬಾತಿಯ ಕೆರೆಯಿಂದ ನೀರು ಹೊತ್ತು ಬೆಳೆದವರು, ಇದು ಹೊಸದಲ್ಲ. ಅವತ್ತು ಮಾತ್ರ ಕೊಡ ಇಳಿಸದೆ ಬಾಗಿಲಲ್ಲೇ ನಿಂತುಬಿಟ್ಟರು. ಸಿಂಬಿ ಅದೇ, ನಡಿಗೆ ಅದೇ, ಬದಲಾದದ್ದು ಮೇಲಿನ ಭಾರ. ತಾವು ಕೆಳಗಿನ ಮೆತ್ತೆಯನ್ನೇ ಹೆಚ್ಚಿಸುತ್ತ ಬಂದಿದ್ದರು.

ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಕಡಪಾ ಕಲ್ಲು ಹಿತ್ತಲಲ್ಲಿತ್ತು. ಹಳೇ ಹತ್ತಿಯನ್ನು ಗಟ್ಟಿಯಾಗಿ ಹೊಸೆದು, ಬಟ್ಟೆ ಸುತ್ತಿ ಹೊಲಿದು, ಅಂಗೈಯಗಲದ ನಾಲ್ಕು ಸಿಂಬಿ ಮಾಡಿದರು. ಹೊಸ ಹತ್ತಿ ಭಾರದ ಕೆಳಗೆ ದಿನಾ ಕುಸಿಯುತ್ತದೆ, ಹಳೆಯದು ಕುಸಿಯುವಷ್ಟು ಕುಸಿದಾಗಿರುತ್ತದೆ. ಇದು ಗಾದಿಯವರಿಗೆ ಗೊತ್ತಿದ್ದದ್ದೇ. ಇಬ್ಬರೂ ಸೇರಿ ಸಿಂಬಿಗಳ ಮೇಲೆ ಕಲ್ಲು, ಕಲ್ಲಿನ ಮೇಲೆ ಸೆಟ್ಟು ಇಟ್ಟರು. ಕಲ್ಲು ಗೋಡೆಗೆ ತಾಗದಂತೆ ಬೆರಳು ತೂರುವಷ್ಟು ಜಾಗ ಬಿಟ್ಟರು. ಅಖ್ತರ್ ಬಾನು ಹೋಗಿ ಮಿಷನ್ ಹಚ್ಚಿದರು. ನಬೀ ಸಾಬ್ ಸ್ಪೀಕರಿಗೆ ಕಿವಿಗೊಟ್ಟರು, ಮೇಜನ್ನು ಬೆರಳಿಂದ ತಟ್ಟಿ ಮತ್ತೆ ಕಿವಿಗೊಟ್ಟರು. ಆಮೇಲೆ ಹಾಡಿನ ಸದ್ದು ಹೆಚ್ಚು ಮಾಡಿದರು.

ಭಾನುವಾರ ವಾಮದೇವಪ್ಪನವರು ಸೆಟ್ಟಿಗೆ ಸುತ್ತಲು ಕಂಬಳಿ ಹಿಡಿದು ಆಟೋದಲ್ಲಿ ಬಂದಿಳಿದರು. ಅಖ್ತರ್ ಬಾನು ಬೇಕೆಂದೇ ಮಿಷನ್ ನಿಲ್ಲಿಸಿರಲಿಲ್ಲ. ಅದರ ಸದ್ದು ಗೋಡೆಯಾಚೆ ಇತ್ತು, ಸ್ಪೀಕರಿನೊಳಗೆ ಇರಲಿಲ್ಲ.

"ಏನ್ ಸಾಬ್ರೆ, ಗುಂಯ್ ಅಂತೈತೆ ಅಂದಿದ್ರಿ?"

ನಬೀ ಸಾಬ್ ಹೆಂಡತಿಯ ಕಡೆ ಕೈ ತೋರಿಸಿದರು. "ಮೈಕಿನವ ಅಂತ ಊರೆಲ್ಲ ಮೆರೆದೆ ಅಣ್ಣಾರೆ. ಉಸ್ತಾದರು ಮನೇಲೇ ಇದ್ದಿದ್ದು ಗೊತ್ತಾಗ್ಲಿಲ್ಲ."

"ಹಂಗಾದ್ರೆ ಕೊಡ್ತೀರೋ ಇಲ್ಲೋ?"

"ಇಲ್ರಿ," ಎಂದರು ಅಖ್ತರ್ ಬಾನು. ತಲೆ ಎತ್ತಿಯೇ ಎಂದರು. "ಸೆಟ್ಟು ಇಲ್ಲೇ ಇರ್ತೈತೆ. ಕೂಡ್ರಿ, ಚಾ ಕುಡ್ಕಂಡು ಹೋಗ್ರಿ."

"ಕಂಬಳಿ ತಗಂಡು ಚಾ ಕುಡಿಯಾಕೆ ಬಂದೋನು ನಾನೊಬ್ನೇ ಇರ್ಬೇಕು," ಎಂದು ವಾಮದೇವಪ್ಪ ನಕ್ಕರು. ಚಹಾ ಮುಗಿಯುವಷ್ಟರಲ್ಲಿ ತಮ್ಮ ಕಷ್ಟವನ್ನೂ ಹೇಳಿಕೊಂಡರು. ಹರಿಹರದಲ್ಲಿ ಅವರ ಮನೆ ರೈಲು ಹಳಿಯ ಪಕ್ಕದಲ್ಲೇ ಇದೆ. ಗಾಡಿ ಹೋದಾಗಲೆಲ್ಲ ಅವರ ವಾಲ್ವುಗಳೂ ಅದುರುತ್ತವೆ. ಒಂದು ಸಲ ಬಂದು ನೋಡಬೇಕೆಂದು ಕೇಳಿದರು.

"ಬರ್ತೀನ್ರಿ. ಕಲ್ಲು ನಿಮ್ದು, ಸಿಂಬಿ ನಮ್ದು."

ಆ ಮಧ್ಯಾಹ್ನ ಮಿಷನ್ ನಿಲ್ಲಲಿಲ್ಲ. ನಬೀ ಸಾಬ್ ಬಾಗಿಲು ತೆರೆದಿಟ್ಟು, ಹೆಂಡತಿಗೆ ಇಷ್ಟವಾದ ಹಾಡುಗಳನ್ನೇ ಒಂದಾದ ಮೇಲೊಂದು ಹಚ್ಚಿದರು. ಗಾದಿ ಒಯ್ಯಲು ಬಂದವರನ್ನು ಅಖ್ತರ್ ಬಾನು ತಾವಾಗಿ ಒಳಗೆ ಕರೆದು ಕಲ್ಲನ್ನೂ ಸಿಂಬಿಯನ್ನೂ ತೋರಿಸಿದರು. ಮಾಡಿದ್ದನ್ನು ಹಾಗೆ ಕರೆದು ತೋರಿಸಿದ್ದನ್ನು ಅದುವರೆಗೆ ಮನೆಯವರು ಯಾರೂ ಕಂಡಿರಲಿಲ್ಲ.

ನಾಡಿದ್ದು ಅಖ್ತರ್ ಬಾನು ಹರಿಹರಕ್ಕೆ ಹೋಗುತ್ತಾರೆ. ಇದನ್ನು ಬರೆದ ಮೊಮ್ಮಗಳು ನಿಖತ್ ನಾಳೆ ಬೆಳಿಗ್ಗೆ ಅಲ್ಲಿಗೆ ಬೇಕಾದ ಸಿಂಬಿಗಳಿಗೆ ಬಟ್ಟೆ ಕತ್ತರಿಸಿ ಹೊಲಿಯುತ್ತಾಳೆ.