ಕಮಲಾಪುರಕ್ಕೆ ಹೋದ ಬಂಬ

ನಿಜಾಮರ ಫಸಲಿ 1326ನೇ ಇಸವಿಯಲ್ಲಿ ನಾನು ಕಲಬುರಗಿಯ ಬಜಾರಿನಲ್ಲಿ ಇಮಾಮಸಾಬ ಉಸ್ತಾದರ ತಾಮ್ರದ ಅಂಗಡಿಯಲ್ಲಿ ಬೆಸುಗೆಯ ಕೆಲಸಕ್ಕಿದ್ದೆ. ನನಗೆ ಆಗ ಇಪ್ಪತ್ತು ವರ್ಷ. ನಮ್ಮದು ಕಾಳಿನ ವ್ಯಾಪಾರದ ಮನೆ. ತಕ್ಕಡಿ ಹಿಡಿಯುವ ಬದಲು ಸುತ್ತಿಗೆ ಹಿಡಿದೆನೆಂದು ಅಪ್ಪನಿಗೆ ಬೇಸರವಿತ್ತು. ಆದರೂ ಅವರಿಂದ ಒಂದು ಅಭ್ಯಾಸ ನನಗೆ ಬಂದಿತ್ತು: ದಿನವೂ ಬರೆದಿಡುವುದು. ಯಾವ ತಾರೀಖು, ಯಾರ ಪಾತ್ರೆ, ತೂಕವೆಷ್ಟು, ಯಾವ ಬೆಸುಗೆ, ಪರೀಕ್ಷೆ ಆಯಿತೋ ಇಲ್ಲವೋ ಎಂದು ಐದು ಮನೆ ಗೀಟೆಳೆದು ತುಂಬುತ್ತಿದ್ದೆ. ಉಸ್ತಾದರು ನಗುತ್ತಿದ್ದರು: "ಬೇಟಾ, ತಾಮ್ರ ಬಡೀಲಿಕ್ಕೆ ಬಂದೀಯೋ, ತಹಶೀಲಿ ನಡಸ್ಲಿಕ್ಕೆ ಬಂದೀಯೋ?"

ಬಹಮನ್ ತಿಂಗಳ 4ನೇ ತಾರೀಖು, ಇಂಗ್ಲಿಷ್ ಲೆಕ್ಕದಲ್ಲಿ 1916ರ ಡಿಸೆಂಬರ್, ಕಮಲಾಪುರದ ಗುಂಡೇರಾಯರು ಬಂಡಿಯಲ್ಲಿ ಒಂದು ದೊಡ್ಡ ಹಂಡೆ ಹೇರಿಕೊಂಡು ಬಂದರು. ಅವರ ಮಗಳು ಗೋದಾವರಿ ಬಾಣಂತನಕ್ಕೆ ಬಂದಿದ್ದಳು. ಎಂಟನೆಯ ತಿಂಗಳಿಗೇ ಹೆರಿಗೆಯಾಗಿ ಕೂಸು ಅಂಗೈಯಗಲ ಇತ್ತು; ಹದಿನೈದು ದಿನದ್ದು. ದಿನವೂ ಬಾಣಂತಿಗೂ ಕೂಸಿಗೂ ಬಿಸಿನೀರು ಎರೆಯಬೇಕು. ಆ ವರ್ಷ ಥಂಡಿ ಎಂಥದಿತ್ತೆಂದರೆ, ಮುಂಜಾನೆ ಸುತ್ತಿಗೆಯ ಹಿಡಿ ಮುಟ್ಟಿದರೆ ಬೆರಳು ಸೆಟೆಯುತ್ತಿದ್ದವು. ಅಂಥದರಲ್ಲಿ ಹಂಡೆಯ ತಳ ಸೋರಿ ಒಲೆ ಆರಿಹೋಗುತ್ತಿತ್ತು.

"ಒಂದು ತೇಪಿ ಹಚ್ಚಿ ಕೊಡ್ರಿ ಉಸ್ತಾದ್, ಈ ಥಂಡಿ ದಾಟಿದ್ರ ಸಾಕು" ಎಂದರು.

ನಾನು ನನ್ನ ಬರಹ ತೆಗೆದು ನೋಡಿದೆ. ಆ ಹಂಡೆಗೆ ನಾವೇ ಮೂರು ಸಲ ತೇಪೆ ಹಾಕಿದ್ದೆವು. ಮೊದಲನೆಯದು ಒಂಬತ್ತು ತಿಂಗಳು ತಡೆದಿತ್ತು, ಎರಡನೆಯದು ಐದು, ಮೂರನೆಯದು ಎರಡೇ ತಿಂಗಳು. ಓದಿ ಹೇಳಿದಾಗ ಗುಂಡೇರಾಯರು ಹಂಡೆಯ ತಳ ತಡವಿ ನೋಡಿದರು. "ಅಂದ್ರ ನಾಕನೇದು ಪುಷ್ಯಮಾಸಾನೂ ಕಾಣಂಗಿಲ್ಲ ಅನ್ನು."

ಹೊಸ ಹಂಡೆಯ ಬದಲು ಬಂಬ ಮಾಡಿಸಿಕೊಳ್ಳಿರೆಂದು ಉಸ್ತಾದರು ಹೇಳಿದರು. ಬಂಬವೆಂದರೆ ಎತ್ತರದ ತಾಮ್ರದ ಪಾತ್ರೆ. ನಡುವೆ ತಳದಿಂದ ತುದಿಯವರೆಗೆ ಒಂದು ಕೊಳವೆ. ಕೊಳವೆಯಲ್ಲಿ ಇದ್ದಿಲು, ಅದರ ಸುತ್ತ ನೀರು, ಕೆಳಗೊಂದು ಹಿತ್ತಾಳೆಯ ನಳ. ಹಂಡೆಗೆ ಬೇಕಾದ ಕಟ್ಟಿಗೆಯಲ್ಲಿ ಕಾಲುಭಾಗ ಸಾಕು. ಕಮಲಾಪುರದಲ್ಲಿ ಅದಿನ್ನೂ ಯಾರ ಮನೆಯಲ್ಲೂ ಇರಲಿಲ್ಲ.

ಆದರೆ ಯುದ್ಧದಿಂದಾಗಿ ತಾಮ್ರ ತುಟ್ಟಿಯಾಗಿತ್ತು. ಸೇರಿಗೆ ಎರಡು ರೂಪಾಯಿ ನಾಲ್ಕಾಣೆಯಂತೆ ಹನ್ನೆರಡು ಸೇರು ತಾಮ್ರಕ್ಕೆ ಇಪ್ಪತ್ತೇಳು, ಮಜೂರಿ ಆರು, ನಳಕ್ಕೆ ಒಂದೂವರೆ. ಒಟ್ಟು ಮೂವತ್ನಾಲ್ಕೂವರೆ ರೂಪಾಯಿ, ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ. ಹಳೆಯ ಹಂಡೆಯ ಹತ್ತು ಸೇರು ತಾಮ್ರಕ್ಕೆ ಹನ್ನೆರಡೂವರೆ ಮುರಿದುಕೊಂಡರೆ ಕೈಯಿಂದ ಕೊಡಬೇಕಾದದ್ದು ಇಪ್ಪತ್ತೆರಡು. ಗುಂಡೇರಾಯರು ಅಲ್ಲಿಯೇ ಎಣಿಸಿ ಕೊಟ್ಟರು; ಬಂಬ ಬರುವವರೆಗೆ ನೆರೆಮನೆಯ ಹಂಡೆ ಎರವಲು ತರುತ್ತೇನೆಂದರು. ಮರುದಿನ ಹಂಡೆಯನ್ನು ಕತ್ತರಿಸಿ ಕುಲುಮೆಗೆ ಹಾಕಿದೆವು.

11ನೇ ತಾರೀಖು ನಾನೇ ಬಂಬವನ್ನು ಬಂಡಿಯಲ್ಲಿ ಒಯ್ದು, ರಾತ್ರಿ ಅಲ್ಲಿಯೇ ಉಳಿದು, ಮರುದಿನ ಅವರ ಬಚ್ಚಲಿನಲ್ಲಿ ಕೂರಿಸಿದೆ. ನೀರು ತುಂಬಿ ಒಂದು ತಾಸು ಬಿಟ್ಟೆ; ಹನಿ ಜಿನುಗಲಿಲ್ಲ. ಬೆಂಕಿ ಹಾಕಿ ನೋಡಬೇಕೆಂದಾಗ ಗುಂಡೇರಾಯರು ಒಪ್ಪಲಿಲ್ಲ. ಹೊಸ ಪಾತ್ರೆಗೆ ಮೊದಲ ಬೆಂಕಿ ಗಳಿಗೆ ನೋಡಿಯೇ ಬೀಳಬೇಕು, ಅದು ನಾಳೆ ಸೂರ್ಯೋದಯಕ್ಕೆ ಎಂದರು. ನಾನು ಮುಟ್ಟಿದ ನೀರನ್ನು ಚೆಲ್ಲಿ ಬಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಹೊರಡುವಾಗ ತಲೆಬಾಗಿಲಲ್ಲಿ ನಿಂತು ಗುಂಡೇರಾಯರಿಗೆ ಹೇಳಿದೆ: "ಮೊದಲ ನೀರು ತುಂಬಬೇಕ್ರೀ, ಆಮ್ಯಾಲ ಬೆಂಕಿ." ಅವರು "ಗೊತ್ತದ, ಗೊತ್ತದ" ಎಂದರು. ಆ ದಿನದ ಬರಹದಲ್ಲಿ ಹೀಗಿದೆ: ನೀರಿನ ಪರೀಕ್ಷೆ ಆಯಿತು. ಬೆಂಕಿಯದು ಬಾಕಿ.

14ನೇ ತಾರೀಖು ಸಂಜೆ ಗುಂಡೇರಾಯರು ಅಂಗಡಿಯ ಮುಂದೆ ಬಂಡಿಯಿಂದ ಇಳಿದೊಡನೆ ಬಜಾರೆಲ್ಲ ಕೇಳುವಂತೆ ಕೂಗಿದರು. "ಮೂವತ್ನಾಕೂವರಿ ರೂಪಾಯಿ! ಮೊದಲನೇ ದಿನಾನs ಜರಡಿ ಆಗೇದ! ಇದ್ದ ಹಂಡೇನೂ ಕತ್ತರಿಸಿ ಕುಂತೀರಿ. ಕೂಸಿಗೆ ಎರೀಲಿಕ್ಕೆ ನಾ ಏನು ತಲಿ ಮ್ಯಾಲೆ ನೀರು ಕಾಸ್ಲೇನು?"

ಉಸ್ತಾದರು ಸಿಟ್ಟಾಗಲಿಲ್ಲ. ನನ್ನನ್ನು ಒಳಗೆ ಕರೆದು ಕೇಳಿದರು: "ಬೆಸುಗಿ ನಿಂದು. ಕಚ್ಚಾ ಇತ್ತೇನು?"

"ಇಲ್ಲ ಉಸ್ತಾದ್."

"ಹಂಗಿದ್ರ ಹೋಗಿ ನೋಡು. ಕಚ್ಚಾ ಇತ್ತಂದ್ರ ರೊಕ್ಕ ವಾಪಸು ಕೊಡೂಣು, ನೀ ಕಾಳಿನ ಅಂಗಡಿಗೆ ಹೋಗು. ಇರ್ಲಿಲ್ಲಂದ್ರ ಸರಿ ಮಾಡಿ ಬಾ. ನಡುವಿನ ಮಾತು ತರಬ್ಯಾಡ."

ಮರುದಿನ ಬೆಳಗ್ಗೆ ಕೈತಿದಿ, ಇದ್ದಿಲ ಚೀಲ, ಹಿತ್ತಾಳೆಯ ಪುಡಿ, ಬೆಸುಗೆ ಹರಿಯಲು ಹಚ್ಚುವ ಬಿಳಿಗಾರ ಕಟ್ಟಿಕೊಂಡು ಗುಂಡೇರಾಯರ ಬಂಡಿಯಲ್ಲೇ ಹೊರಟೆ. ಇಪ್ಪತ್ತು ಮೈಲಿಗೂ ಹೆಚ್ಚಿನ ಹಾದಿ. ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಒಳಗೆ ಕೂಸು ಅಳುತ್ತಿತ್ತು. ಅಳುವೆಂದರೆ ಅಳುವಲ್ಲ, ಬೆಕ್ಕಿನ ಮರಿ ರಾಗ ಎಳೆದಂತೆ ಸಣ್ಣ ದನಿ. ಎರವಲು ಹಂಡೆಯನ್ನು ಬಂಬ ಬಂದ ದಿನವೇ ನೆರೆಯವರು ಹಿಂದಕ್ಕೆ ಒಯ್ದಿದ್ದರು. ಮೂರು ದಿನಗಳಿಂದ ಅಡುಗೆ ಒಲೆಯ ಮೇಲೆ ತಂಬಿಗೆ ತಂಬಿಗೆಯಾಗಿ ಕಾಸಿದ ನೀರು ಬಚ್ಚಲು ಮುಟ್ಟುವಷ್ಟರಲ್ಲಿ ಆರಿಹೋಗುತ್ತಿತ್ತು. ಗೋದಾವರಿಗೆ ಚಳಿಜ್ವರ ಬಂದಿತ್ತು.

16ರಂದು ಬೆಳಕು ಹರಿದೊಡನೆ ಬಂಬವನ್ನು ಹಿತ್ತಲಿಗೆ ತಂದು ಬೋರಲು ಹಾಕಿದೆ. ಕೊಳವೆಯೂ ತಳವೂ ಕೂಡುವ ಬಳೆಯ ಸುತ್ತ ಬೆಸುಗೆಯೇ ಇರಲಿಲ್ಲ. ಆ ಜಾಗಕ್ಕೆ ಎಲ್ಲ ಅಂಗಡಿಗಳಲ್ಲೂ ಸೀಸ-ತವರದ ಬೆಸುಗೆ ಹಾಕುವುದೇ ರೂಢಿ. ಬೆಸುಗೆಯ ಹಿಂಬದಿಗೆ ನೀರಿರುವವರೆಗೆ ಅದು ವರ್ಷಗಟ್ಟಲೆ ತಡೆಯುತ್ತದೆ. ನೀರಿಲ್ಲದೆ ಬೆಂಕಿ ತಗುಲಿದರೆ ಬೆಣ್ಣೆಯಂತೆ ಕರಗುತ್ತದೆ. ಬಚ್ಚಲಿನ ಬೂದಿಯನ್ನು ಮೊರದಲ್ಲಿ ಕೇರಿದೆ. ಕಡಲೆಗಾತ್ರದ ಹನ್ನೊಂದು ಸೀಸದ ಗುಂಡುಗಳು ಸಿಕ್ಕವು. ಅವನ್ನು ಗುಂಡೇರಾಯರ ಮುಂದೆ ಹಿಡಿದೆ.

"ಬೆಸುಗಿ ಬಿಟ್ಟಿಲ್ರೀ, ಕರಗೇದ. ನೀರಿಲ್ದ ಬೆಂಕಿ ಹಾಕ್ಯಾರ."

"ನಮ್ಮನ್ಯಾಗ ಅಷ್ಟು ತಿಳಿಗೇಡಿಗೋಳು ಯಾರದಾರ?" ಎಂದು ಅವರು ಎದ್ದು ನಿಂತರು.

ಅಡುಗೆಮನೆಯ ಬಾಗಿಲ ಹಿಂದಿನಿಂದ ಅವರ ಹೆಂಡತಿ ಅಂಬಾಬಾಯಿಯವರ ದನಿ ಬಂತು. "ನಾನದೀನಿ."

ಗುಂಡೇರಾಯರು ಬಾಯಿ ತೆರೆಯುವ ಮೊದಲೇ ಅವರು ಹಿತ್ತಲಿಗೆ ಬಂದರು. "ಒದ್ದಿ ಸೀರ್ಯಾಗ ಬಾವಿಗೆ ಹೋಗಿದ್ದೆ, ಮಡಿನೀರು ಇನ್ನೂ ಒಂದು ಕೊಡಾನೂ ಬಂದಿರ್ಲಿಲ್ಲ. ಗಳಿಗಿ ಮೀರತದ, ಬೆಂಕಿ ಹಾಕು, ಬೆಂಕಿ ಹಾಕು ಅಂತ ಪಂಚಾಂಗ ಹಿಡಕೊಂಡು ಒದರಿದವ್ರು ಯಾರು? ಹಾಕಿದೆ. ಹಂಡಿಗೆ ಮೂವತ್ತು ವರ್ಷ ಹಂಗs ಮಾಡೀನಿ. ಉರಿ ಮೊದಲು, ನೀರು ಆಮ್ಯಾಲ. ಇದಕ್ಕ ಬ್ಯಾರೆ ಅಂತ ನನಗ ಯಾರು ಹೇಳ್ಯಾರ?"

ಗುಂಡೇರಾಯರು ನನ್ನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. "ಇಂವ ನನಗ ಹೇಳಿದ್ದ" ಎಂದರು ಮೆಲ್ಲಗೆ.

"ನಿಮಗ ಹೇಳಿ ಏನು ಮಾಡೋದದ? ನೀವು ಯಾವಾಗರ ಬಚ್ಚಲದಾಗ ಬೆಂಕಿ ಹಾಕೀರೇನು?"

ನಾನು ಗೆದ್ದಿದ್ದೆ. ಕೈಯಲ್ಲಿ ಹನ್ನೊಂದು ಗುಂಡುಗಳ ಸಾಕ್ಷಿಯಿತ್ತು. ಆದರೆ ಅಂಬಾಬಾಯಿಯವರ ಮಾತು ನನಗೂ ತಾಕಿತು. 12ರಂದು ನಾನು ತಲೆಬಾಗಿಲಲ್ಲಿ ಮಾತಾಡುತ್ತಿದ್ದಾಗ ಅವರು ಒಳಬಾಗಿಲ ಹಿಂದೆ, ನಾಲ್ಕು ಮಾರು ದೂರದಲ್ಲಿ, ಅಕ್ಕಿ ಆರಿಸುತ್ತಿದ್ದರು. ಪರರ ಮನೆಯ ಹೆಂಗಸರೊಡನೆ ಮಾತಾಡಬಾರದೆಂದು ನಾನು ದನಿ ತಗ್ಗಿಸಿ ಯಜಮಾನರಿಗೆ ಮಾತ್ರ ಹೇಳಿದ್ದೆ.

"ತಪ್ಪು ನಂದೂ ಅದ್ರೀ ಅವ್ವಾರ" ಎಂದೆ. "ಈ ಬಳಿಗೆ ಸೀಸ ಬ್ಯಾಡ, ಹಿತ್ತಾಳಿ ಹಾಕತೀನಿ. ಹೊತ್ತು ಮುಳುಗೂದ್ರಾಗ ನೀರು ಕಾಯಬೇಕು."

ಹಿತ್ತಾಳೆ ಕರಗಲು ತಾಮ್ರ ಕೆಂಪಗೆ ಕಾಯಬೇಕು. ಅಷ್ಟು ಉರಿಗೆ ಉಳಿದ ಬೆಸುಗೆಗಳು ಹಾಳಾಗಬಾರದೆಂದು ಅವಕ್ಕೆ ಹಸಿ ಜೇಡಿಮಣ್ಣು ಮೆತ್ತಿ ಒದ್ದೆ ಅರಿವೆ ಸುತ್ತಿದೆ. ಬಳೆಯ ಸುತ್ತ ಬಿಳಿಗಾರವನ್ನೂ ಹಿತ್ತಾಳೆಯ ಪುಡಿಯನ್ನೂ ಹಚ್ಚಿ, ಇದ್ದಿಲು ಒಟ್ಟಿ ತಿದಿ ಒತ್ತಿದೆ. ಮೊದಲ ಸಲ ಕಾವು ಸಾಲದೆ ಪುಡಿ ಪುಡಿಯಾಗಿಯೇ ಉಳಿಯಿತು. ಎರಡನೆಯ ಸಲ ಹರಿಯಿತು, ಆದರೆ ನೀರು ಹಾಕಿದಾಗ ಸೂಜಿಮೊನೆಯಷ್ಟು ಜಾಗದಲ್ಲಿ ಜಿನುಗಿತು. ಗುಂಡೇರಾಯರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, "ಸಾಕು ಬಿಡಪ್ಪಾ, ಅಷ್ಟು ಸೋರಿದ್ರ ಸೋರ್ಲಿ" ಎಂದರು.

"ಅಷ್ಟs ಸೋರಂಗಿಲ್ರೀ ಅದು" ಎಂದು ಮತ್ತೆ ಮಣ್ಣು ಮೆತ್ತಿದೆ.

ಇದ್ದಿಲು ಮುಗಿಯುತ್ತ ಬಂದಿತ್ತು. ಗುಂಡೇರಾಯರು ಪಂಚೆ ಎತ್ತಿ ಕಟ್ಟಿ ಬಂದು ತಿದಿಯ ಹಿಡಿಗೆ ಕೈ ಹಾಕಿದರು. ಮೂರನೆಯ ಸಲ ಹಿತ್ತಾಳೆ ಬಳೆಯ ಸುತ್ತ ಹೊಂಬಣ್ಣದ ದಾರದಂತೆ ಓಡಿ ಕೂಡಿಕೊಂಡಿತು. ನೀರು ತುಂಬಿ ಅರ್ಧ ತಾಸು ನೋಡಿದೆ. ಬಳೆ ಒಣಗಿಯೇ ಇತ್ತು.

ಬಂಬವನ್ನು ಬಚ್ಚಲಿನಲ್ಲಿ ಕೂರಿಸಿ ನಾನು ಹೊರಗೆ ನಿಂತು, ದನಿ ತಗ್ಗಿಸದೆ, ಅಂಬಾಬಾಯಿಯವರಿಗೆ ಹೇಳಿದೆ. ಅವರು ಒಂದೊಂದಾಗಿ ಏಳು ಕೊಡ ನೀರು ಸುರಿದು, ನಳ ತಿರುಗಿಸಿ ನೀರು ಬರುವುದನ್ನು ನೋಡಿ, ಆಮೇಲೆ ಕೆಂಡ ಹಾಕಿದರು. ಗಳಿಗೆಯ ಮಾತನ್ನು ಯಾರೂ ತೆಗೆಯಲಿಲ್ಲ. ಬಿಸಿಲು ಗೋಡೆಯ ತುದಿಗೆ ಏರುವಷ್ಟರಲ್ಲಿ ಬಚ್ಚಲಿನಿಂದ ಹಬೆ ಬರತೊಡಗಿತು. ಕೂಸು ಮೊದಲು ಜೋರಾಗಿ ಅತ್ತಿತು, ಬರುಬರುತ್ತ ಸುಮ್ಮನಾಯಿತು. ಅಂಬಾಬಾಯಿ ಒಳಗಿನಿಂದಲೇ ಕೂಗಿದರು: "ಮಲಗ್ತು ತಮ್ಮಾ! ಉಂಡು ಹೋಗು."

ಹಿತ್ತಾಳೆಗೂ ಇದ್ದಿಲಿಗೂ ಒಂದೂವರೆ ರೂಪಾಯಿ ಆಗಿತ್ತು. ಗುಂಡೇರಾಯರು ಪೂರ್ತಿ ಕೊಡಲು ಬಂದರು. ನಾನು ಅರ್ಧ ತೆಗೆದುಕೊಂಡೆ. ಬಂಬದ ಕಿಮ್ಮತ್ತು ಇಪ್ಪತ್ತೆರಡು ರೂಪಾಯಿ ಹನ್ನೆರಡಾಣೆಗೆ ಮುಟ್ಟಿತು. ಆ ಮೂರು ದಿನದ ಚಳಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಕಲಬುರಗಿಗೆ ಬಂದ ದಿನವೇ ನನ್ನ ಬರಹದಲ್ಲಿ ಐದು ಮನೆಗಳ ಪಕ್ಕಕ್ಕೆ ಆರನೆಯದೊಂದನ್ನು ಗೀಟೆಳೆದೆ: ಬೆಂಕಿ ಹಾಕುವವರು ಯಾರು, ಅವರಿಗೆ ಹೇಳಿದೆನೇ. ಉಸ್ತಾದರು ಓದಿಸಿ ಕೇಳಿದರು. ಈ ಸಲ ನಗಲಿಲ್ಲ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಬಳೆಗೆ ಸೀಸ ಹಾಕುವುದೂ ನಿಂತಿತು. ಬೆಸುಗೆ ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಬಳಸುವವರನ್ನು ಕಂಡು ಹೇಳದಿದ್ದರೆ ಕೆಲಸ ಮುಗಿದಿಲ್ಲವೆಂದು ಕಲಿಯಲು ಕಮಲಾಪುರಕ್ಕೆ ಎರಡು ಸಲ ಹೋಗಬೇಕಾಯಿತು.

ಇದಾಗಿ ನಾಲ್ಕು ವರ್ಷ. ಈವರೆಗೆ ನಲವತ್ತೊಂದು ಬಂಬ ಕೂರಿಸಿದ್ದೇನೆ. ಯಜಮಾನರ ಹೆಸರುಗಳೆಲ್ಲ ಎರಡನೆಯ ಮನೆಯಲ್ಲಿವೆ. ಆರನೆಯ ಮನೆಯಲ್ಲಿ ಮೂವರು ಗಂಡಾಳುಗಳನ್ನು ಬಿಟ್ಟರೆ ಮೂವತ್ತೆಂಟು ಹೆಂಗಸರ ಹೆಸರುಗಳಿವೆ, ಮೊದಲನೆಯದು ಅಂಬಾಬಾಯಿಯವರದು.