ಗೀಸರ್ ಕೆಟ್ಟಿದ್ದು

ನನ್ನ ಗಂಡ ತೀರಿಹೋದ ವರ್ಷದ ಚಳಿಗಾಲದಲ್ಲಿ ನಾದಿನಿ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದು ಕೆಲವು ದಿನ ನನ್ನ ಜೊತೆ ಇದ್ದಳು. ಬಂದ ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದವಳು ಟವೆಲ್ ಸುತ್ತಿಕೊಂಡೇ ಬಾಗಿಲು ತೆರೆದಳು.

"ಅತ್ತಿಗೆ, ಗೀಸರ್ ಹಾಕಿ ಅರ್ಧ ಗಂಟೆ ಆಯ್ತು, ನೀರು ತಣ್ಣಗೇ ಇದೆಯಲ್ಲ. ಕೆಂಪಗೆ ಬೇರೆ ಬರ್ತಿದೆ. ಎಷ್ಟು ದಿನದಿಂದ ಹಿಂಗೆ?"

ಗೊತ್ತಿಲ್ಲ ಎಂದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ. ದಿನವೂ ಸ್ವಿಚ್ ಹಾಕುತ್ತಿದ್ದೆ, ಬಕೆಟ್ ತುಂಬಿದ ಮೇಲೆ ಮೈಮೇಲೆ ಸುರಿದುಕೊಂಡು ಬರುತ್ತಿದ್ದೆ. ನೀರು ಬಿಸಿಯೋ ತಣ್ಣಗೋ ಎಂದು ಗಮನಿಸಿಯೇ ಇರಲಿಲ್ಲ. ಬಿಳಿ ಬಕೆಟ್ಟಿನ ತಳದಲ್ಲಿ ತುಕ್ಕಿನ ಕಲೆ ಕೂತಿದ್ದನ್ನು ಅವಳು ತೋರಿಸಿದ ಮೇಲೆ ನೋಡಿದೆ. ಅವಳು ಹೋಗಿ ಒಲೆಯ ಮೇಲೆ ನೀರಿಟ್ಟಳು.

ಮಧ್ಯಾಹ್ನ ಬಂದ ರಿಪೇರಿಯವರು ಗೀಸರ್ ಬಿಚ್ಚಿ ನೋಡಿದರು. "ಕಾಯಿಲ್ ಒಂದೇ ಹೋಗಿದ್ದಿದ್ರೆ ಬೇರೆ ಹಾಕ್ಕೊಡ್ತಿದ್ದೆ ಕಣಮ್ಮ. ಟ್ಯಾಂಕೇ ತುಕ್ಕು ಹಿಡಿದು ತೂತು ಬಿದ್ದೈತೆ. ಹೊಸದೇ ತಗೊಂಬುಡಿ" ಎಂದರು.

ಈ ಮನೆಗೆ ಬಂದ ಹೊಸತರಲ್ಲಿ ನನ್ನ ಗಂಡ ತಾನೇ ಆರಿಸಿ ತಂದಿದ್ದ ಗೀಸರ್ ಅದು. ನಾನು ಅಳಬಹುದೆಂದು ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಳು ಬರಲಿಲ್ಲ. "ತೆಗೆದುಬಿಡಿ" ಎಂದೆ.

ಮಾರನೆಯ ದಿನ ಹೊಸ ಗೀಸರಿನ ಮೊದಲ ಚೊಂಬು ನೀರು ಹಾಕಿಕೊಂಡಾಗ ಬೆನ್ನು ಚುರ್ರೆಂದಿತು. ತಣ್ಣೀರು ಬೆರೆಸಬೇಕೆಂಬುದೇ ಮರೆತುಹೋಗಿತ್ತು.

"ಸುಡ್ತಾ ಇದೆ ಕಣೇ" ಎಂದು ಒಳಗಿನಿಂದ ಹೇಳಿದೆ.

"ಪಕ್ಕದ ನಲ್ಲಿ ತಿರುಗಿಸ್ಕೊಳ್ಳಿ ಅತ್ತಿಗೆ" ಎಂದಳು.

ತಿರುಗಿಸಿಕೊಂಡೆ.