ಗುಡ್ಡವ್ವನ ಗಾಳಿ

ನಮ್ಮ ದೊಡ್ಡವ್ವ ಗುಡ್ಡವ್ವ ಸಂಕೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದಳು. ಕಾಯಿಗಿಂತ ಅವಳ ಬಾಯಿಯೇ ಖಾರ ಎಂದು ಗಿರಾಕಿಗಳು ನಗುತ್ತಿದ್ದರು. ಆದರೂ ಅವಳ ಬುಟ್ಟಿಯೇ ಮೊದಲು ಬರಿದಾಗುತ್ತಿತ್ತು.

ವಯಸ್ಸು ಐವತ್ತಾರರ ಸುಮಾರಿಗೆ ಬಂದಾಗ ಹೊರಕಡೆಗೆ ಹೋದಾಗಲೆಲ್ಲ ಅವಳಿಗೆ ರಕ್ತ ಬೀಳತೊಡಗಿತು. ಮೈ ಇಳಿಯಿತು. ಬೆಲ್ಲದ ಬಾಗೇವಾಡಿಯ ನಮ್ಮ ಓಣಿಗೆ ಓಣಿಯೇ ಒಂದು ತೀರ್ಪು ಕೊಟ್ಟಿತು: ಇವಳಿಗೆ ಗಾಳಿ ಬಡಿದಿದೆ. ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಓಡಾಡುವವಳಿಗೆ ದೆವ್ವದ ಗಾಳಿ ಬಡಿಯದೆ ಇನ್ನೇನು? ಅವಳ ನಾದಿನಿ ಕರೆವ್ವ ತಾಯತ ಮಾಡಿಸಿಕೊಂಡೇ ಬಂದಳು.

"ಗಾಳಿ ನನಗಲ್ಲ, ನಿನ್ನ ತಲಿಗೆ ಬಡದೈತಿ!" ಎಂದು ದೊಡ್ಡವ್ವ ತಾಯತವನ್ನು ಅಂಗಳಕ್ಕೆ ಎಸೆದಳು. ಅದೇ ಸಿಟ್ಟಿನಲ್ಲಿ ನನ್ನನ್ನು ಕರೆದುಕೊಂಡು ಮಿರಜಿನ ಮೋಟಾರು ಹತ್ತಿದಳು.

ದವಾಖಾನೆಯಲ್ಲಿ ಕರುಳಿನೊಳಗೆ ಕ್ಯಾನ್ಸರ್ ಗಂಟು ಎಂದರು. ಹೊಟ್ಟೆ ಕೊಯ್ದು ಗಂಟಿದ್ದಷ್ಟು ಕರುಳಿನ ತುಂಡು ತೆಗೆದರು. ಮರಾಠಿ ಡಾಕ್ಟರು ನಮ್ಮಂಥವರಿಗಾಗಿ ನಾಲ್ಕು ಕನ್ನಡ ಮಾತು ಕಲಿತಿದ್ದರು. ದಿನಾ ಬೆಳಿಗ್ಗೆ ಬಂದು ಕೇಳುತ್ತಿದ್ದರು: "ಆಯಿ, ಗಾಳಿ ಹೋತೇನು?"

ದೊಡ್ಡವ್ವನಿಗೆ ಉರಿದುಹೋಗುತ್ತಿತ್ತು. ಇಲ್ಲಿಯೂ ಅದೇ ಮಾತೇ!

"ಇಲ್ಲರಿ! ಗಾಳಿ ಗೀಳಿ ಏನೂ ಇಲ್ಲ ನನಗ!"

ಡಾಕ್ಟರ ಮುಖ ಬಾಡುತ್ತಿತ್ತು. ದೊಡ್ಡವ್ವನ ಬಾಯಿಗೆ ಹನಿ ಗಂಜಿಯೂ ಇಲ್ಲ, ಬರೀ ಸಲೈನು. ಕೊನೆಗೆ ನನ್ನನ್ನು ಹೊರಗೆ ಕರೆದು ಹೇಳಿದರು: "ಕರುಳ ಇನ್ನೂ ಎದ್ದಿಲ್ಲ. ನಾಳೆ ಮತ್ತ ಹೊಟ್ಟಿ ಕೊಯ್ಯಬೇಕಾಗ್ತದ. ಈ ವಯಸ್ಸಿಗೆ ತಡಕೊಳ್ಳೂದು ಕಷ್ಟ."

ನಾನು ಒಳಗೆ ಬಂದೆ. ಮಂಚದ ಪಕ್ಕ ಕುಸಿದು ಅಳತೊಡಗಿದೆ. ಹುಕ್ಕೇರಿಯ ಹಜರತಬಿ, ತಾನೂ ಹೊಟ್ಟೆ ಕೊಯ್ಸಿಕೊಂಡವಳು, ಹಿಂದಿನ ದಿನವಷ್ಟೇ ಬಾಜೂ ಮಂಚಕ್ಕೆ ಬಂದಿದ್ದಳು.

"ಯಾಕವ್ವಾ ಅಳತಿ?"

"ದೊಡ್ಡವ್ವನ ಕರುಳ ಎದ್ದಿಲ್ಲಂತ. ಮತ್ತ ಕೊಯ್ತಾರಂತ."

"ಎದ್ದಿಲ್ಲ? ನಿನ್ನಿಯಿಂದ ಹೂಸಿನ ಮ್ಯಾಲೆ ಹೂಸು ಬಿಡಾಕತ್ತಾಳ, ನನಗ ನಿದ್ದಿ ಇಲ್ಲ! ಡಾಕ್ಟರ್ ಕೇಳೂದು ಅದನ್ನ ಅಲ್ಲೇನು? ನನಗೂ ಹಿಂಗ ಕೇಳತಿದ್ರು."

ದೊಡ್ಡವ್ವ ಕಣ್ಣು ಬಿಟ್ಟಳು. "ಹೂಸೇನು? ಹಂಗಂತ ನೆಟ್ಟಗ ಕೇಳಾಕ ಏನಾಗಿತ್ತು ಅವಂಗ?"

ನಾನು ಬಿದ್ದಂಬೀಳ ಓಡಿದೆ. ಡಾಕ್ಟರು ಬಂದು ಹೊಟ್ಟೆಗೆ ನಳಿಗೆ ಇಟ್ಟು ಆಲಿಸಿದರು, ಆಮೇಲೆ ಕುರ್ಚಿ ಎಳೆದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಜೆ ದೊಡ್ಡವ್ವ ಗಂಜಿ ಕುಡಿದಳು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಬಿಟ್ಟು ಕಳಿಸುವಾಗ ಡಾಕ್ಟರು ಅಂದರು: "ಗಂಟು ಬೇರೆ ಕಡೆ ಹಬ್ಬಿರಲಿಲ್ಲ ಆಯಿ. ಲಗೂನ ಬಂದ್ರಿ, ಅದಕ್ಕ ಉಳದ್ರಿ. ಯಾರು ಕಳಿಸಿದ್ರು?"

ದೊಡ್ಡವ್ವ ನನ್ನ ಕೈ ಹಿಡಿದು ಊರಿನ ಮೋಟಾರು ಹತ್ತಿದಳು. ದಾರಿಯುದ್ದಕ್ಕೂ ಏನೋ ಯೋಚನೆಯಲ್ಲಿದ್ದಳು.

ಊರಿಗೆ ಬಂದವಳು ಮನೆಗೂ ಹೋಗದೆ ನೇರ ಕರೆವ್ವನ ಬಾಗಿಲಿಗೆ ಹೋಗಿ ಅವಳ ಕೈ ಹಿಡಿದುಕೊಂಡಳು.

"ನೀ ಗಾಳಿ ಅಂತ ಅನ್ನದಿದ್ರ ನನಗ ಸಿಟ್ಟು ಬರತಿರಲಿಲ್ಲ ಕರೆವ್ವಾ. ಸಿಟ್ಟು ಬರದಿದ್ರ ನಾ ಮಿರಜಿಗೆ ಹೋಗತಿರಲಿಲ್ಲ."